ಗಾರೆಯವರು ಬರುವ ಮುಂಚೆ ಹಿತ್ತಿಲ ಕೆಲಸ

ಹಳೆಯ ಮನೆ ಅಂದಮೇಲೆ ಒಂದಲ್ಲ ಒಂದು ದಿನ ಹಿತ್ತಿಲು ಅಗೆಯಲೇಬೇಕು. ಹಿಂದಿನವರು ಹಾಕಿಸಿದ ಜೇಡಿಮಣ್ಣಿನ ಪೈಪುಗಳ ಸಂದಿಗೆ ಬೇರು ಇಳಿದು ಬಚ್ಚಲ ನೀರು ಕಟ್ಟಿಕೊಳ್ಳುತ್ತದೆ. ಕಾಂಪೌಂಡು ಪಕ್ಕದ ಮನೆ ಕಡೆ ವಾಲುತ್ತದೆ. ಗೋಡೆಗೆ ತೇವ ಏರಿ ಗಾರೆ ಉದುರುತ್ತದೆ. ಗಿಡದ ಮೇಲಿನ ಪ್ರೀತಿಗೆ ಇದನ್ನೆಲ್ಲ ಮುಂದೂಡಬೇಡಿ. ನಾನು ನೋಡಿದ ಮನೆಗಳಲ್ಲಿ ಹಸಿರು ಹೋಗಿದ್ದು ಹೆಚ್ಚಾಗಿ ಅವಸರಕ್ಕೆ. ಸೋಮವಾರ ಮೇಸ್ತ್ರಿ ಬಂದು ನೋಡುತ್ತಾರೆ, ಬುಧವಾರ ಹಿತ್ತಿಲು ಬೋಳಾಗಿರುತ್ತದೆ.

ನಮ್ಮ ಮೈಸೂರು ಕಡೆ ರಿಪೇರಿ ಅಂದರೆ ಬೇಸಿಗೆಯಲ್ಲೇ, ಮಳೆಗೆ ಮುಂಚೆ. ಪಿಕಳಾರ, ಸೂರಕ್ಕಿ, ಅಳಿಲು ಎಲ್ಲ ಗೂಡು ಕಟ್ಟುವುದೂ ಜಾಸ್ತಿ ಆಗಲೇ. ಪೈಪು ಒಡೆದೇ ಹೋಗಿದ್ದರೆ ಬೇರೆ ದಾರಿಯಿಲ್ಲ, ಬಿಡಿ. ಸ್ವಲ್ಪ ಕಾಯಬಹುದಾದ ಕೆಲಸವಾದರೆ ದೀಪಾವಳಿ ಕಳೆದು ಮಳೆ ನಿಂತ ಮೇಲೆ ಇಟ್ಟುಕೊಳ್ಳಿ. ಆಗ ಗೂಡುಗಳು ಕಡಿಮೆ. ಹಾಗೆ ಮಾಡಿದರೆ ಆಷಾಢದ ಜಿಟಿಜಿಟಿ ಮಳೆ ನಿಮ್ಮ ಕೈಗೆ ಸಿಗುತ್ತದೆ. ಗಿಡ ಉಳಿಸುವ ಅರ್ಧ ಕೆಲಸ ಆ ತಿಂಗಳಲ್ಲೇ ಮುಗಿಯುತ್ತದೆ.

ದಾಸವಾಳ, ನಂದಿಬಟ್ಟಲು, ಮಲ್ಲಿಗೆ ಇವುಗಳ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಚೀಲದ ಮಣ್ಣಿಗೆ ಚುಚ್ಚಿ ನೆರಳಲ್ಲಿಡಿ. ಹತ್ತು ಕಡ್ಡಿ ಚುಚ್ಚಿದರೆ ನಾಲ್ಕಾದರೂ ಹಿಡಿಯುತ್ತವೆ. ಕರಿಬೇವಿನ ಬುಡದಲ್ಲಿ ಮರಿಗಳು ಎದ್ದಿರುತ್ತವೆ. ಅವುಗಳನ್ನು ಬೇರಿನ ಸಮೇತ ಬಿಡಿಸಿಕೊಳ್ಳಿ. ನುಗ್ಗೆಗೆ ಮೂರು ನಾಲ್ಕು ಅಡಿಯ ಕೊಂಬೆಯೇ ಸಾಕು. ಬಾಳೆಯಲ್ಲಿ ಕತ್ತಿಯಂಥ ಕಿರಿದಾದ ಎಲೆಯ ಕಂದನ್ನೇ ಆರಿಸಿ. ಅಗಲ ಎಲೆ ಬಿಟ್ಟ ಕಂದಿಗೆ ಬಲ ಕಡಿಮೆ. ಒಂದೆಲಗವನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ ಅಗಲದ ಟಬ್ಬಿಗೆ ಹಾಕಿ. ತುಳಸಿ ಚಿಂತೆ ಬೇಡ, ಒಣಗಿದ ಕದಿರು ಕಾಗದದಲ್ಲಿ ಕಟ್ಟಿಟ್ಟರೆ ಆಯಿತು. ಎಲ್ಲವನ್ನೂ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಅರ್ಧ ಅಕ್ಕಪಕ್ಕದ ಮನೆಗಳಿಗೆ ಕೊಡಿ. ನಿಮ್ಮದು ಒಣಗಿದರೂ ಅವರಲ್ಲಿ ಕೇಳಬಹುದು, ಅಲ್ವಾ?

ಸ್ವಲ್ಪ ದೊಡ್ಡ ಗಿಡವನ್ನೇ ಎತ್ತಿ ಬೇರೆಡೆ ನೆಡಬೇಕಾದರೆ ಒಂದೇ ಸಲ ಕೀಳಬಾರದು. ಎರಡು ತಿಂಗಳು ಮುಂಚೆ ಬುಡದ ಸುತ್ತ ಅರ್ಧ ವೃತ್ತ ಅಗೆದು, ಸಿಕ್ಕ ಬೇರು ಚೂಪಾಗಿ ಕತ್ತರಿಸಿ, ಆ ಕಾಲುವೆಗೆ ಗೊಬ್ಬರಮಣ್ಣು ತುಂಬಿ. ತಿಂಗಳ ಮೇಲೆ ಉಳಿದರ್ಧಕ್ಕೂ ಹಾಗೇ ಮಾಡಿ. ಒಳಗಡೆ ಹೊಸ ಸಣ್ಣ ಬೇರು ಬಂದಿರುತ್ತದೆ. ಎತ್ತುವ ದಿನ ಎಲೆ ಅರ್ಧ ಸವರಿ, ಬುಡವನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಸಂಜೆ ಹೊತ್ತು ನೆಡಿ.

ಇನ್ನು ಯಾವುದು ಹೋಗಬೇಕು, ಯಾವುದು ಉಳಿಯಬೇಕು ಅನ್ನುವುದನ್ನು ಮೇಸ್ತ್ರಿಗೆ ಬಿಡಬೇಡಿ. ಅವರಿಗೆ ಓಡಾಡಲು ಜಾಗ ಬೇಕು, ಎಲ್ಲ ತೆಗೀರಿ ಅಂತಲೇ ಹೇಳುತ್ತಾರೆ. ತಪ್ಪೇನಲ್ಲ, ಅವರ ಕೆಲಸ ಅದು. ಪೈಪು ಹೋಗುವ ದಾರಿಗೆ ನೀವೇ ಸುಣ್ಣದ ಗೆರೆ ಎಳೆಯಿರಿ. ಗೆರೆಯಿಂದ ಆಚೀಚೆ ಎರಡಡಿ ಅವರದು, ಉಳಿದದ್ದಕ್ಕೆ ಹಗ್ಗ ಕಟ್ಟಿ. ಪೈಪನ್ನು ಸ್ವಲ್ಪ ಓರೆಯಾಗಿ ತಿರುಗಿಸಿದರೆ ಎಷ್ಟೋ ಸಲ ಮರ ಉಳಿಯುತ್ತದೆ. ಪ್ಲಂಬರನ್ನು ಕೇಳಿ ನೋಡಿ. ಮರವನ್ನೇ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ತೆಂಗು, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ. ಮಿಕ್ಕವಕ್ಕೆ ನಿಮ್ಮದೇ ಹಿತ್ತಿಲಾದರೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅದಕ್ಕೆ ಓಡಾಡಲು ಸಮಯ ಇಟ್ಟುಕೊಳ್ಳಿ.

ಜೀವಿಗಳ ವಿಷಯಕ್ಕೆ ಬರೋಣ. ಗಿಡ ಸವರುವ ಮುಂಚೆ ಒಂದೆರಡು ದಿನ ಬೆಳಗ್ಗೆ ಸುಮ್ನೆ ಕೂತು ನೋಡಿ. ಒಂದೇ ಪೊದೆಗೆ ಹಕ್ಕಿ ಪದೇ ಪದೇ ಹುಳು ಹಿಡಿದು ಹೋಗುತ್ತಿದ್ದರೆ ಒಳಗೆ ಮರಿ ಇದೆ ಅಂತಲೇ ಅರ್ಥ. ಪಿಕಳಾರಕ್ಕೂ ಸೂರಕ್ಕಿಗೂ ಮೊಟ್ಟೆಯಿಂದ ಮರಿ ಹಾರುವವರೆಗೆ ಸುಮಾರು ಒಂದು ತಿಂಗಳು. ಆ ಮೂಲೆಯನ್ನು ಕೊನೆಗೆ ಇಟ್ಟುಕೊಂಡರೆ ಮುಗಿಯಿತು. ಗೂಡನ್ನು ಎತ್ತಿ ಪಕ್ಕದ ಗಿಡಕ್ಕೆ ಕಟ್ಟುವ ಉಪಾಯ ಮಾಡಬೇಡಿ. ಬಹುಪಾಲು ತಾಯಿ ಹಕ್ಕಿ ತಿರುಗಿ ಬರುವುದಿಲ್ಲ. ಹಳೆ ಗೋಡೆಯ ಬಿರುಕಿನಲ್ಲಿ ಸಣ್ಣ ಮೇಣದ ಕೊಳವೆ ಚಾಚಿ, ಸೊಳ್ಳೆಯಂಥ ಕಪ್ಪು ನೊಣ ಓಡಾಡುತ್ತಿದ್ದರೆ ಅದು ಮುಜಂಟಿ ಜೇನು. ಕುಟುಕುವುದಿಲ್ಲ. ಸಿಮೆಂಟು ಮೆತ್ತಿಬಿಡಬೇಡಿ. ಜೇನು ಸಾಕುವವರನ್ನು ಕರೆದರೆ ರಾಣಿ ಸಮೇತ ಪೆಟ್ಟಿಗೆಗೆ ತುಂಬಿಕೊಂಡು ಹೋಗುತ್ತಾರೆ.

ಕಲ್ಲಿನ ಗುಡ್ಡೆ, ಒಣ ಸೌದೆ ಇದ್ದರೆ ಕೆಲಸದ ದಿನವೇ ಎತ್ತಬಾರದು. ಮೂರು ನಾಲ್ಕು ದಿನ ಮುಂಚಿನಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸಿ. ಮನೆ ಕಡೆಯಿಂದ ಶುರು ಮಾಡಿ ಕಾಂಪೌಂಡಿನ ಕಡೆ ಹೋಗಿ. ಹಾವುರಾಣಿ, ನೆಲಗಪ್ಪೆ ತಾವಾಗೇ ಆಚೆ ಜಾರಿಕೊಳ್ಳುತ್ತವೆ. ಉಲ್ಟಾ ಮಾಡಿದರೆ ಅವು ಬಚ್ಚಲಿಗೇ ಬರುತ್ತವೆ! ಹಾವು ಕಂಡರೆ ಹಾರೆ ಎತ್ತುವುದು ಬೇಡ. ಹಾವು ಹಿಡಿಯುವವರ ನಂಬರು ಮೊದಲೇ ಬರೆದಿಟ್ಟುಕೊಳ್ಳಿ. ಕೇರೆಗೆ ವಿಷವಿಲ್ಲ, ಇಲಿ ತಿನ್ನುವ ಹಾವು ಅದು. ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ.

ಕೆಲಸ ನಡೆಯುವಾಗ ಒಂದು ಸಂಗತಿ ಯಾರೂ ಹೇಳುವುದಿಲ್ಲ. ಪೈಪಿಗೆ ತೋಡಿದ ಗುಂಡಿ ರಾತ್ರಿಯೆಲ್ಲ ತೆರೆದಿರುತ್ತದೆ, ಕಪ್ಪೆ, ಹಾವುರಾಣಿ ಬಿದ್ದು ಹತ್ತಲಾಗದೆ ಸಾಯುತ್ತವೆ. ಕ್ಯೂರಿಂಗಿಗೆ, ಅಂದರೆ ಹೊಸ ಗಾರೆಗೆ ನೀರುಣಿಸಲು, ತುಂಬಿಟ್ಟ ಡ್ರಮ್ಮಿಗೆ ಅಳಿಲು ಬೀಳುತ್ತದೆ. ಗುಂಡಿಗೆ ಒಂದು ಹಲಗೆ ಓರೆಯಾಗಿ ಇಳಿಬಿಡಿ, ಡ್ರಮ್ಮಿಗೊಂದು ಉದ್ದ ಕೋಲು ಇಡಿ. ಖರ್ಚೇನೂ ಇಲ್ಲ.

ಅಗೆಯುವಾಗ ಮೇಲಿನ ಅರ್ಧ ಅಡಿ ಕಪ್ಪುಮಣ್ಣನ್ನು ಬೇರೆ ಚೀಲಗಳಿಗೆ ತುಂಬಿಸಿ. ಎರೆಹುಳು ಇರುವುದು ಅದರಲ್ಲೇ. ಕೆಳಗಿನ ಕೆಮ್ಮಣ್ಣು ಮೇಲೆ ಬಂದರೆ ವರ್ಷಗಟ್ಟಲೆ ಏನೂ ಬೆಳೆಯದು. ಸಿಮೆಂಟು ಕಲಸುವುದು ದಪ್ಪ ಟಾರ್ಪಾಲಿನ ಮೇಲೆ, ಬಾಂಡ್ಲಿ ತೊಳೆಯುವುದು ಒಂದೇ ಮೂಲೆಯಲ್ಲಿ, ಅದೂ ಗಿಡಗಳಿಂದ ದೂರ. ಸಿಮೆಂಟು ನೀರಿನಲ್ಲಿ ಸುಣ್ಣದ ಕ್ಷಾರ ಜಾಸ್ತಿ. ಬೇರಿಗೆ ಹೋದರೆ ಎಲೆ ಹಳದಿಯಾಗುತ್ತದೆ. ಗೆದ್ದಲಿಗೆ ಔಷಧಿ ಹೊಡೆಸುವುದಾದರೆ ಗೋಡೆಯ ಬುಡಕ್ಕಷ್ಟೇ. ಬಾವಿಯೋ ಸಂಪೋ ಹತ್ತಿರ ಇದ್ದರೆ ಅದನ್ನು ಮೊದಲೇ ಹೇಳಿ.

ಕೊನೆಗೆ ಎಲ್ಲರೂ ಹೇಳುವ ಮಾತು, ಹಿತ್ತಿಲಿಗೆಲ್ಲ ಕಾಂಕ್ರೀಟು ಹಾಕಿಸಿಬಿಡಿ, ಗುಡಿಸೋದು ಸುಲಭ ಅಂತ. ಒಪ್ಪಬೇಡಿ. ಗೋಡೆಗೆ ತೇವ ಏರದಂತೆ ಎರಡು ಮೂರಡಿ ಅಗಲದ ಪಟ್ಟಿ ಬೇಕು, ನಿಜ. ಅದರಾಚೆ ಮಣ್ಣೇ ಇರಲಿ, ಮಳೆನೀರು ಇಂಗಲಿ. ಹೊಸ ಕಾಂಪೌಂಡಿನ ಬುಡದಲ್ಲಿ ನೀರು ಹೋಗುವ ತೂತು ಬಿಡಿಸಿ. ಕಪ್ಪೆಗೂ ಅದೇ ಬಾಗಿಲು.

ಎತ್ತಿಟ್ಟ ಮಣ್ಣು ಹರಡಿ, ಮೊದಲ ಮಳೆಗೆ ಅಪ್ಸೆಣಬೋ ಅಲಸಂದೆಯೋ ಬಿತ್ತಿ. ಹೂ ಬಿಡುವಾಗ ಹಸಿರುಗೊಬ್ಬರವಾಗಲಿ ಅಂತ ಅಲ್ಲೇ ಮಣ್ಣಿಗೆ ಮಗುಚಿ. ಆಮೇಲೆ ಕರಿಬೇವು, ನಿಂಬೆ ನೆಡಿ. ಚಿಟ್ಟೆ ಅವುಗಳ ಮೇಲೆ ಮೊಟ್ಟೆ ಇಡುತ್ತದೆ, ನಾಲ್ಕು ಎಲೆ ಹುಳು ತಿಂದರೆ ತಿನ್ನಲಿ. ಸೂರಕ್ಕಿಗೆ ಕೇಪಳ, ರತ್ನಗಂಧಿ. ನೆರಳು ಬೇಗ ಬೇಕಾದರೆ ಗಸಗಸೆ ಹಣ್ಣಿನ ಮರ, ಗೋಡೆಯಿಂದ ಹತ್ತಡಿ ದೂರ. ಹಳೆ ಮಾವಿನ ಪೊಟರೆಯಲ್ಲಿದ್ದ ಗೂಬೆ ಮಾತ್ರ ಇದ್ಯಾವುದಕ್ಕೂ ಬರುವುದಿಲ್ಲ. ಪೊಟರೆ ಬೀಳಲು ಮರಕ್ಕೆ ವಯಸ್ಸಾಗಬೇಕು. ಹೊಸ ಮರದಲ್ಲಿ ಅದನ್ನು ಕಾಯುವುದು ನನ್ನ ವಯಸ್ಸಿನವರ ಕೈಲಾಗದು, ನಿಮ್ಮ ಮಕ್ಕಳ ಪಾಲಿಗೆ ಬಿಡೋಣ.

ಮೇಸ್ತ್ರಿಗೆ ಕೊನೆಯ ಕಂತು ಕೊಡುವ ಮುಂಚೆ ಹಿತ್ತಿಲೆಲ್ಲ ಒಮ್ಮೆ ಬರಿಗಾಲಲ್ಲಿ ನಡೆದು ಬನ್ನಿ. ಒಡೆದ ಟೈಲ್ಸು, ಗಾರೆ ಹೆಂಟೆ, ಮೊಳೆ ಎಲ್ಲ ಹೊರಗೆ ಹೋಗಿರಬೇಕು. ಮಣ್ಣು ಎಳೆದು ಮುಚ್ಚಿಬಿಟ್ಟಿರುತ್ತಾರೆ, ಕಾಲಿಗೆ ಗೊತ್ತಾಗುತ್ತದೆ.