ಮಾರ್ಗರೀಟಾಕ್ಕೆ ಯಾವ ಮೆಸ್ಕಾಲ್? ಬಾಟಲಿ ಆರಿಸುವುದರಿಂದ ಗ್ಲಾಸಿನ ಅಂಚಿನ ಉಪ್ಪಿನವರೆಗೆ

ಮಾರ್ಗರೀಟಾ ಎಂದರೆ ಮೆಕ್ಸಿಕೋದ ಟಕೀಲಾ ಮದ್ಯಕ್ಕೆ ನಿಂಬೆರಸ, ಕಿತ್ತಳೆಯ ಸಿಹಿ ಮದ್ಯ (ಲಿಕ್ಯೂರ್) ಸೇರಿಸಿ ಕುಲುಕುವ ಕಾಕ್‌ಟೇಲ್. ಟಕೀಲಾದ ಬದಲು ಅದರ ಹೊಗೆವಾಸನೆಯ ಬಂಧು ಮೆಸ್ಕಾಲ್ ಹಾಕಿಯೂ ಅದನ್ನು ಮಾಡುತ್ತಾರೆ. ಅದಕ್ಕೆಂದು ಮೆಸ್ಕಾಲ್ ಕೊಳ್ಳುವವರು ಹೆಚ್ಚಾಗಿ ಎರಡರಲ್ಲೊಂದು ತಪ್ಪು ಮಾಡುತ್ತಾರೆ. ಕೆಲವರು ಅಂಗಡಿಯಲ್ಲಿದ್ದ ಅತಿ ದುಬಾರಿ ಬಾಟಲಿ ತಂದು ಅದಕ್ಕೆ ನಿಂಬೆ ಹಿಂಡಿ ಹಾಳು ಮಾಡುತ್ತಾರೆ. ಇನ್ನು ಕೆಲವರು ತಳದಲ್ಲಿ ಹುಳು ಬಿದ್ದಿರುವ ಅಗ್ಗದ ಬಾಟಲಿ ತರುತ್ತಾರೆ, ಕುಡಿದರೆ ಹೊಗೆ ಮತ್ತು ಉರಿ ಬಿಟ್ಟು ಬೇರೇನೂ ಸಿಗುವುದಿಲ್ಲ. ಬೇಕಾದ್ದು ಇವೆರಡರ ನಡುವಿನ ಬಾಟಲಿ: ಎಸ್ಪಾದೀನ್ ಕತ್ತಾಳೆಯದ್ದು, ‘ಆರ್ತೆಸನಾಲ್’ ಎಂದು ಬರೆದಿರುವಂಥದ್ದು, ಪೀಪಾಯಿಯಲ್ಲಿ ಹಳತಾಗದ ‘ಹೋವೆನ್’, ಮದ್ಯಸಾರ ಶೇ 40ರಿಂದ 46ರ ಒಳಗೆ. ಅವಸರದಲ್ಲಿದ್ದವರಿಗೆ ಇಷ್ಟೇ ಸಾಕು. ಯಾಕೆ ಹೀಗೆ ಎಂದು ತಿಳಿದರೆ ಮುಂದಿನ ಬಾಟಲಿಯನ್ನು ಯಾರನ್ನೂ ಕೇಳದೆ ಆರಿಸಬಹುದು.

ಮೆಸ್ಕಾಲ್ ಕತ್ತಾಳೆಯಿಂದ ಬಟ್ಟಿ ಇಳಿಸಿದ ಮದ್ಯ. ಬಯಲುಸೀಮೆಯ ಬೇಲಿಗಳಲ್ಲಿ ಕಾಣುವ ಕತ್ತಾಳೆಯ ಬಳಗದ ಗಿಡಗಳೇ ಮೆಕ್ಸಿಕೋದಲ್ಲಿ, ಮುಖ್ಯವಾಗಿ ವಹಾಕಾ ರಾಜ್ಯದಲ್ಲಿ, ಇದಕ್ಕಾಗಿ ಬೆಳೆಯುತ್ತವೆ. ಮುಳ್ಳಿನ ಎಲೆಗಳನ್ನೆಲ್ಲ ಸವರಿ ತೆಗೆದರೆ ಉಳಿಯುವ ದಿಂಡು ದೊಡ್ಡ ಅನಾನಸಿನಂತೆ ಕಾಣುತ್ತದೆ. ಅಲ್ಲಿ ಅದರ ಹೆಸರೂ ‘ಪಿನ್ಯಾ’, ಅಂದರೆ ಅನಾನಸೇ. ನೆಲದಲ್ಲಿ ಹೊಂಡ ತೋಡಿ, ಸೌದೆ ಉರಿಸಿ, ಕಲ್ಲು ಕಾಯಿಸಿ, ಅದರ ಮೇಲೆ ಈ ದಿಂಡುಗಳನ್ನು ಒಟ್ಟಿ ಮಣ್ಣು ಮುಚ್ಚಿ ಮೂರರಿಂದ ಐದು ದಿನ ಬೇಯಿಸುತ್ತಾರೆ. ಹೊಗೆಯ ರುಚಿ ಹುಟ್ಟುವುದು ಇಲ್ಲಿಯೇ. ಶಿರಸಿ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ಪಕ್ಕ ನಿಂತವರಿಗೆ ಈ ವಾಸನೆ ಅರ್ಧ ಪರಿಚಯವಿರುತ್ತದೆ: ಒಲೆಯ ಹೊಗೆ ಒಂದು ಕಡೆ, ಬೇಯುವ ಸಿಹಿ ಇನ್ನೊಂದು ಕಡೆ, ಎರಡೂ ಬೆರೆತು ಮೂಗಿಗೆ ಬರುತ್ತವೆ. ಒಳ್ಳೆಯ ಮೆಸ್ಕಾಲಿನಲ್ಲಿ ಈ ಎರಡೂ ಇರಬೇಕು. ಬರೀ ಹೊಗೆ ಇದ್ದರೆ ಅದು ಮಾರ್ಗರೀಟಾಕ್ಕೆ ಆಗುವುದಿಲ್ಲ. ಟಕೀಲಾಕ್ಕೆ ನೀಲಿ ಕತ್ತಾಳೆಯೊಂದನ್ನೇ ಬಳಸುತ್ತಾರೆ, ಅದನ್ನು ಸಾಮಾನ್ಯವಾಗಿ ಹಬೆಯಲ್ಲಿ ಬೇಯಿಸುತ್ತಾರೆ. ಅದಕ್ಕೇ ಅದರಲ್ಲಿ ಹೊಗೆ ಇರುವುದಿಲ್ಲ.

ಲೇಬಲ್ ಓದುವುದು ಹೀಗೆ

ಮೊದಲು ‘ಮೆಸ್ಕಾಲ್’ ಪದದ ಜೊತೆ ಇನ್ನೇನು ಬರೆದಿದೆ ನೋಡಿ. ಮೆಕ್ಸಿಕೋದ 2016ರ ಮಾನದಂಡ ಮೂರು ವರ್ಗ ಮಾಡುತ್ತದೆ. ಬರೀ ‘ಮೆಸ್ಕಾಲ್’ ಎಂದಿದ್ದರೆ ದೊಡ್ಡ ಪ್ರೆಶರ್ ಕುಕ್ಕರಿನಂಥ ಪಾತ್ರೆಯಲ್ಲಿ ಬೇಯಿಸುವುದಕ್ಕೂ ಕಾಲಂ ಯಂತ್ರದಲ್ಲಿ ಬಟ್ಟಿ ಇಳಿಸುವುದಕ್ಕೂ ಅನುಮತಿ ಇದೆ. ‘ಮೆಸ್ಕಾಲ್ ಆರ್ತೆಸನಾಲ್’ ಎಂದಿದ್ದರೆ ಹೊಂಡದಲ್ಲಿ ಅಥವಾ ಕಟ್ಟಿದ ಒಲೆಯಲ್ಲಿ ಬೇಯಿಸಿ, ತಾಮ್ರ ಅಥವಾ ಮಣ್ಣಿನ ಹಂಡೆಯಲ್ಲಿ ನೇರ ಬೆಂಕಿಯ ಮೇಲೆ ಬಟ್ಟಿ ಇಳಿಸಿರಬೇಕು. ‘ಅನ್ಸೆಸ್ತ್ರಾಲ್’ ಇನ್ನೂ ಕಟ್ಟುನಿಟ್ಟು: ಹೊಂಡದಲ್ಲೇ ಬೇಯಬೇಕು, ಮಣ್ಣಿನ ಪಾತ್ರೆಯಲ್ಲೇ ಬಟ್ಟಿ ಇಳಿಯಬೇಕು. ಅದು ಹಾಗೇ ಗುಟುಕರಿಸುವ ಮದ್ಯ, ನಿಂಬೆಯ ಜೊತೆ ಸೇರಿಸಬೇಡಿ. ಮಾರ್ಗರೀಟಾಕ್ಕೆ ಆರ್ತೆಸನಾಲ್ ಸರಿಯಾದ ಜಾಗ.

ಆಮೇಲೆ ಕತ್ತಾಳೆಯ ಹೆಸರು. ಎಸ್ಪಾದೀನನ್ನು ಹೊಲದಲ್ಲಿ ಬೆಳೆಯುತ್ತಾರೆ, ಆರೆಂಟು ವರ್ಷಕ್ಕೆ ಕೊಯ್ಲಿಗೆ ಬರುತ್ತದೆ, ಮೆಸ್ಕಾಲಿನ ಬಹುಪಾಲು ಅದರಿಂದಲೇ ಆಗುತ್ತದೆ. ರುಚಿ ಗಟ್ಟಿ, ಸಿಹಿ ಹೆಚ್ಚು, ಹುಳಿಯ ಮುಂದೆ ಕುಗ್ಗುವುದಿಲ್ಲ. ತೊಬಲಾ, ತೆಪೆಸ್ತಾತೆ, ಮದ್ರೆಕ್ವಿಶೆ ಮೊದಲಾದವು ಬಹುತೇಕ ಗುಡ್ಡಗಾಡಿನವು. ತೆಪೆಸ್ತಾತೆ ಬಲಿಯಲು ಇಪ್ಪತ್ತು ವರ್ಷಕ್ಕೂ ಮೇಲೆ ಬೇಕಾಗುತ್ತದೆ. ಅವುಗಳ ಹೂವಿನಂಥ, ಹಸಿ ಸೊಪ್ಪಿನಂಥ ನಯವಾದ ಪರಿಮಳ 20 ಮಿ.ಲೀ. ನಿಂಬೆರಸದ ಕೆಳಗೆ ಪೂರ್ತಿ ಮುಚ್ಚಿಹೋಗುತ್ತದೆ. ಅಷ್ಟು ವರ್ಷ ಬೆಳೆದ ಗಿಡವನ್ನು ಹಾಗೆ ಕಳೆಯುವುದು ಗಿಡಕ್ಕೂ ಬಟ್ಟಿ ಇಳಿಸಿದವರ ಶ್ರಮಕ್ಕೂ ಮಾಡುವ ಅನ್ಯಾಯ.

‘ಹೋವೆನ್’ ಅಥವಾ ‘ಬ್ಲಾಂಕೋ’ ಎಂದರೆ ಮರ ಸೋಕದ್ದು. ‘ರೆಪೊಸಾದೊ’ 2ರಿಂದ 12 ತಿಂಗಳು ಪೀಪಾಯಿಯಲ್ಲಿದ್ದದ್ದು, ‘ಅನ್ಯೆಹೊ’ ವರ್ಷಕ್ಕೂ ಮೇಲೆ. ಮರದಿಂದ ಬರುವ ವೆನಿಲಾದ ಸಿಹಿ ಹೊಗೆಗೂ ನಿಂಬೆಗೂ ಹೊಂದುವುದಿಲ್ಲ, ಆದ್ದರಿಂದ ಈ ಎರಡನ್ನೂ ಬಿಡಿ. ‘ಕೊನ್ ಗುಸಾನೊ’ ಎಂದರೆ ಹುಳು ಹಾಕಿದ್ದು. ಅದರಿಂದ ಗುಣ ಹೆಚ್ಚುವುದಿಲ್ಲ, ಅದನ್ನೂ ಬಿಡಿ. ತಯಾರಿಸಿದ ಊರು, ಮೆಸ್ಕಾಲೆರೊನ (ಬಟ್ಟಿ ಇಳಿಸಿದವನ) ಹೆಸರು, ಲಾಟ್ ಸಂಖ್ಯೆ ಮೂರೂ ಲೇಬಲ್ ಮೇಲಿದ್ದರೆ ನಂಬಿಕೆ ಹೆಚ್ಚಿಸಿಕೊಳ್ಳಬಹುದು.

ಮದ್ಯಸಾರದ ಪ್ರಮಾಣವನ್ನು ಯಾರೂ ಗಮನಿಸುವುದಿಲ್ಲ. ರುಚಿ ಕೆಡುವುದು ಹೆಚ್ಚಾಗಿ ಅಲ್ಲಿಯೇ. ಮೆಕ್ಸಿಕೋದ ಕಾನೂನು ಶೇ 35ರಿಂದ 55ರವರೆಗೆ ಬಿಟ್ಟಿದೆ. ಕುಲುಕುವಾಗ ಐಸ್ ಕರಗಿ ಒಂದು ಗ್ಲಾಸಿಗೆ 25ರಿಂದ 30 ಮಿ.ಲೀ. ನೀರು ಸೇರುತ್ತದೆ. ಶೇ 37ರ ಮೆಸ್ಕಾಲ್ ಇಷ್ಟು ನೀರು, ನಿಂಬೆ, ಸಿಹಿಯ ನಡುವೆ ತೆಳ್ಳಗಾಗಿ ಪಾನಕದಂತಾಗುತ್ತದೆ. ಶೇ 48 ದಾಟಿದ್ದು ಗಂಟಲು ಸುಡುತ್ತದೆ, ನಿಂಬೆಯ ಪರಿಮಳ ಮೂಗಿಗೆ ತಲುಪುವುದೇ ಇಲ್ಲ. ಶೇ 42ರ ದೆಲ್ ಮಗೇ ವೀದಾ, ಶೇ 43.2ರ ಮೊಂತೆಲೊಬೊಸ್ ಎಸ್ಪಾದೀನ್, ಎಸ್ಪಾದೀನ್ ಮತ್ತು ಬರ್ರೀಲ್ ಕತ್ತಾಳೆ ಕೂಡಿಸಿದ ಶೇ 42ರ ಬಾನ್ಹೆಸ್ ಇವೆಲ್ಲ ಮಾರ್ಗರೀಟಾಕ್ಕೆ ಹೇಳಿ ಮಾಡಿಸಿದಂಥವು. ಇವೇ ಸಿಗಬೇಕೆಂದಿಲ್ಲ, ಇದೇ ಅಳತೆಯ ಬೇರೆ ಬಾಟಲಿಯಾದರೂ ಆದೀತು.

ಕಾರವಾರದವರಿಗೆ ಗೋವಾದ ಅಂಗಡಿ ಹತ್ತಿರ, ಅಲ್ಲಿ ಆಯ್ಕೆಯೂ ಹೆಚ್ಚು. ಆದರೆ ಅಲ್ಲಿಯ ಬಾಟಲಿಯನ್ನು ಪರವಾನಗಿ ಇಲ್ಲದೆ ಗಡಿ ದಾಟಿಸುವುದು ಅಬಕಾರಿ ಅಪರಾಧ. ಮಾಜಾಳಿಯ ತಪಾಸಣಾ ನಾಕೆಯಲ್ಲಿ ಸಿಕ್ಕಿಬಿದ್ದರೆ ಬಾಟಲಿಯ ಜೊತೆ ಗಾಡಿಯೂ ಹೋಗಬಹುದು. ವಿದೇಶದಿಂದ ಬರುವವರಿಗೆ ತಲಾ 2 ಲೀಟರ್ ಮದ್ಯಕ್ಕೆ ಕಸ್ಟಮ್ಸ್ ಸುಂಕವಿಲ್ಲ. ನೆಂಟರ ಕೈಲಿ ತರಿಸುವುದಾದರೆ ರಶೀದಿ ಇಟ್ಟುಕೊಳ್ಳಲು ಹೇಳಿ.

ಮೆಸ್ಕಾಲ್ ದುಬಾರಿ ಎನಿಸಿದರೆ ಬೆರಕೆ ಮಾಡಿ: 30 ಮಿ.ಲೀ. ಬ್ಲಾಂಕೋ ಟಕೀಲಾ, 15 ಮಿ.ಲೀ. ಮೆಸ್ಕಾಲ್. ಮೊದಲ ಬಾರಿ ಕುಡಿಯುವವರಿಗೂ ಇದೇ ಒಳ್ಳೆಯದು, ಹೊಗೆ ಹಿನ್ನೆಲೆಯಲ್ಲಿ ಉಳಿಯುತ್ತದೆ, ಒಂದು ಬಾಟಲಿ ಮೂರು ಪಟ್ಟು ಬಾಳುತ್ತದೆ. ಟಕೀಲಾದ ಬದಲು ದಖ್ಖನ್ ಪ್ರಸ್ಥಭೂಮಿಯ ಕತ್ತಾಳೆಯಿಂದ ನಮ್ಮ ದೇಶದಲ್ಲೇ ತಯಾರಾಗುವ ಡೆಸ್ಮಂಡ್‌ಜಿ ಅಥವಾ ಮಾಯಾ ಪಿಸ್ತೋಲಾ ಬಳಸಬಹುದು. ಅವನ್ನು ಮೆಸ್ಕಾಲ್ ಎಂದು ಕರೆಯುವಂತಿಲ್ಲ, ಅವುಗಳಿಂದ ಮೆಸ್ಕಾಲಿನ ಹೊಗೆಯನ್ನೂ ನಿರೀಕ್ಷಿಸಬೇಡಿ.

ಬಾಟಲಿ ತೆರೆದ ಮೇಲೆ ಪರೀಕ್ಷೆ

ಅಂಗೈಗೆ ನಾಲ್ಕೈದು ಹನಿ ಹಾಕಿ ಎರಡೂ ಕೈ ಜೋರಾಗಿ ಉಜ್ಜಿ, ಒಣಗಲು ಬಿಡಿ, ಮೂಸಿ. ಮದ್ಯಸಾರ ಹಾರಿಹೋಗಿ ಉಳಿಯುವುದು ಬೆಂದ ಕತ್ತಾಳೆಯ ವಾಸನೆ: ಸುಟ್ಟ ಗೆಣಸಿನದ್ದು, ಜೋನಿ ಬೆಲ್ಲದ್ದು, ಸ್ವಲ್ಪ ಒದ್ದೆ ಮಣ್ಣಿನದ್ದು. ಬರೀ ಬೂದಿಯ ವಾಸನೆ ಉಳಿದರೆ ಆ ಬಾಟಲಿಯನ್ನು ಗ್ಲಾಸಿಗೆ 15 ಮಿ.ಲೀ. ಮೀರಿ ಬಳಸಬೇಡಿ. ಏನೂ ಉಳಿಯದಿದ್ದರೆ ಅದರಲ್ಲಿ ಕತ್ತಾಳೆಯ ಸತ್ವ ಕಡಿಮೆ ಎಂದೇ ಅರ್ಥ. ಆಮೇಲೆ ಒಂದು ಚಮಚ ಮೆಸ್ಕಾಲಿಗೆ ಅರ್ಧ ಚಮಚ ನಿಂಬೆರಸ ಸೇರಿಸಿ ನಾಲಿಗೆಯ ಮೇಲಿಡಿ. ಹುಳಿ ಇಳಿದ ಮೇಲೂ ಸಿಹಿ ಉಳಿದರೆ ಬಾಟಲಿ ನಿಮ್ಮ ಕೆಲಸಕ್ಕೆ ಬರುತ್ತದೆ.

ಅಳತೆ ಮತ್ತು ಕುಲುಕುವ ಕ್ರಮ

ಒಂದು ಗ್ಲಾಸಿಗೆ ಮೆಸ್ಕಾಲ್ 45 ಮಿ.ಲೀ., ಶೇ 40ರ ಕಿತ್ತಳೆ ಲಿಕ್ಯೂರ್ 20 ಮಿ.ಲೀ., ಆಗಷ್ಟೇ ಹಿಂಡಿದ ನಿಂಬೆರಸ 20 ಮಿ.ಲೀ., ಸಕ್ಕರೆಗೆ ಸಮ ನೀರು ಹಾಕಿ ಮಾಡಿದ ತೆಳು ಪಾಕ 5 ಮಿ.ಲೀ. ಟಕೀಲಾ ಮಾರ್ಗರೀಟಾದ ಅಂತಾರಾಷ್ಟ್ರೀಯ ಬಾರ್‌ಟೆಂಡರ್ ಸಂಘದ ಅಳತೆ ಟಕೀಲಾ 50, ಲಿಕ್ಯೂರ್ 20, ನಿಂಬೆರಸ 15 ಮಿ.ಲೀ. ಹೊಗೆಯ ಎದುರು 15 ಮಿ.ಲೀ. ಹುಳಿ ಸೋಲುತ್ತದೆ, ಅದಕ್ಕೇ ಇಲ್ಲಿ ನಿಂಬೆ ಹೆಚ್ಚು, ಅದನ್ನು ತೂಗಿಸಲು ಪಾಕ. ಕಿತ್ತಳೆ ಲಿಕ್ಯೂರಿನದೇ ಬಗೆಯಾದ ಅಗ್ಗದ ಟ್ರಿಪಲ್ ಸೆಕ್‌ಗಳಲ್ಲಿ ಸಕ್ಕರೆ ಜಾಸ್ತಿ, ಮದ್ಯಸಾರ ಕಡಿಮೆ. ಅದನ್ನೇ ಬಳಸುವುದಾದರೆ ಪಾಕ ಪೂರ್ತಿ ಬಿಡಿ.

ನಿಂಬೆಯ ವಿಷಯದಲ್ಲಿ ನಮಗೆ ಅದೃಷ್ಟವಿದೆ. ಸಂತೆಯಲ್ಲಿ ಸಿಗುವ ತೆಳು ಸಿಪ್ಪೆಯ ಸಣ್ಣ ನಿಂಬೆಯೇ ಮೆಕ್ಸಿಕೋದ ‘ಲಿಮೋನ್’ ಕೂಡ. ಹಸಿರು ಇನ್ನೂ ಪೂರ್ತಿ ಹೋಗದ, ಒತ್ತಿದರೆ ತುಸು ಬಗ್ಗುವ ಕಾಯಿ ಆರಿಸಿ. ಎರಡು ಕಾಯಿ ಸಾಕು. ಸಿಪ್ಪೆ ಮಗುಚುವ ಹಾಗೆ ಕೊನೆಯ ಹನಿವರೆಗೂ ಹಿಂಡಿದರೆ ಕಹಿ ಇಳಿಯುತ್ತದೆ. ಬೆಳಿಗ್ಗೆ ಹಿಂಡಿಟ್ಟ ರಸವನ್ನು ಸಂಜೆ ಬಳಸಬೇಡಿ.

ಲಿಕ್ಯೂರ್ ಸಿಗದಿದ್ದರೆ ಕಂಚಿಕಾಯಿ ಇದೆಯಲ್ಲ! ಒಂದು ಕಂಚಿಯ ಹೊರಸಿಪ್ಪೆಯನ್ನು ಬಿಳಿ ಭಾಗ ಬಾರದಂತೆ ಹೆರೆದು, 100 ಗ್ರಾಂ ಸಕ್ಕರೆಯಲ್ಲಿ ಚೆನ್ನಾಗಿ ಉಜ್ಜಿ ಎರಡು ತಾಸು ಮುಚ್ಚಿಡಿ. ಸಕ್ಕರೆ ಎಣ್ಣೆ ಹೀರಿ ಒದ್ದೆಯಾಗುತ್ತದೆ. 100 ಮಿ.ಲೀ. ಬಿಸಿನೀರು ಹಾಕಿ ಕರಗಿಸಿ ಸೋಸಿ. ಇದು 20 ಮಿ.ಲೀ., ಮೆಸ್ಕಾಲ್ 60 ಮಿ.ಲೀ., ನಿಂಬೆರಸ 25 ಮಿ.ಲೀ., ಬೇರೆ ಪಾಕ ಬೇಡ. ಜೋನಿ ಬೆಲ್ಲವೂ ಹೊಗೆಗೆ ಒಗ್ಗುತ್ತದೆ, ಆದರೆ ಸಮ ಬಿಸಿನೀರಿನಲ್ಲಿ ಕದಡಿ, ಸೋಸಿ, 10 ಮಿ.ಲೀ. ಮೀರದಂತೆ ಹಾಕಿ, ಹೆಚ್ಚಾದರೆ ಮೆಸ್ಕಾಲ್ ಕಾಣೆಯಾಗುತ್ತದೆ. ಮುರುಗಲು ಸೇರಿಸುವವರು ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯೋ ಉಪ್ಪಿಲ್ಲದ್ದೋ ಎಂದು ಮೊದಲು ನೆಕ್ಕಿ ನೋಡಿ. ಉಪ್ಪಿನದ್ದಾದರೆ ಗ್ಲಾಸಿನ ಅಂಚಿಗೆ ಮತ್ತೆ ಉಪ್ಪು ಬೇಡ.

ಕರಾವಳಿಯ ಮನೆಗಳಲ್ಲಿ ಮಾರ್ಗರೀಟಾ ಕೆಡಿಸುವುದು ಹೆಚ್ಚಾಗಿ ಐಸ್. ಬಂಗಡೆ, ಸಿಗಡಿ ಇಟ್ಟ ಫ್ರೀಜರಿನಲ್ಲಿ ತೆರೆದ ಟ್ರೇ ಇಟ್ಟರೆ ಎರಡೇ ದಿನದಲ್ಲಿ ಐಸ್ ಮೀನಿನ ವಾಸನೆ ಹೀರುತ್ತದೆ, ನಿಂಬೆ ಅದನ್ನು ಮುಚ್ಚುವುದಿಲ್ಲ, ಇನ್ನೂ ಎತ್ತಿ ತೋರಿಸುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ, ಕುದಿಸಿ ಆರಿಸಿದ ನೀರಿನಿಂದ, ಬಳಸುವ ಹಿಂದಿನ ರಾತ್ರಿ ಮಾಡಿ. ಮೀನುಪೆಟ್ಟಿಗೆಗೆ ಹಾಕುವ ಐಸ್ ಗಡ್ಡೆ ಕುಡಿಯಲು ಅಲ್ಲ. ಹೊರಗೆ ಇಟ್ಟು ಬೆವೆತ ತುಂಡು ಬೇಗ ಕರಗುತ್ತದೆ, ಆದ್ದರಿಂದ ಫ್ರೀಜರಿನಿಂದ ನೇರ ಶೇಕರಿಗೆ ಬೀಳಲಿ. ಶೇಕರ್ ಇಲ್ಲದಿದ್ದರೆ ಅಗಲ ಬಾಯಿಯ, ತಿರುಚುವ ಮುಚ್ಚಳದ ಸ್ಟೀಲ್ ಬಾಟಲಿ ನಡೆಯುತ್ತದೆ. ಮುಕ್ಕಾಲು ತುಂಬ ಐಸ್ ಹಾಕಿ 12ರಿಂದ 15 ಸೆಕೆಂಡು ಜೋರಾಗಿ ಕುಲುಕಿ. ಹೊರಮೈ ಹಿಡಿಯಲಾಗದಷ್ಟು ತಣ್ಣಗಾಗಬೇಕು. ನಾಲ್ಕೇ ತುಂಡು ಐಸ್ ಹಾಕಿ ಅರ್ಧ ನಿಮಿಷ ಕುಲುಕಿದರೆ ತಣ್ಣಗೂ ಆಗುವುದಿಲ್ಲ, ನೀರಾಗುತ್ತದೆ.

ಅಂಚಿನ ಉಪ್ಪಿಗೆ ಸಾಣಿಕಟ್ಟಾದ ಹರಳುಪ್ಪಿನ ಮುಂದೆ ಪುಡಿ ಉಪ್ಪು ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಹರಳುಪ್ಪು ನೀರೊಡೆದಿರುತ್ತದೆ, ಹಾಗೇ ಬಳಸಿದರೆ ಗ್ಲಾಸಿನಿಂದ ಜಾರಿ ಒಳಗೆ ಬೀಳುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಮೂರ್ನಾಲ್ಕು ನಿಮಿಷ ಹುರಿದು, ಆರಿಸಿ, ದಪ್ಪ ರವೆಯಷ್ಟು ತರಿಯಾಗಿ ಕುಟ್ಟಿ. ಎರಡು ಚಮಚ ಉಪ್ಪಿಗೆ ಒಣಗಿದ ಸೂಜಿಮೆಣಸು ಒಂದು ಸಾಕು. ಗ್ಲಾಸಿನ ಅಂಚಿಗೆ ನಿಂಬೆ ಹೋಳು ಸವರುವಾಗ ಹೊರಗಡೆ ಮಾತ್ರ, ಅದೂ ಅರ್ಧ ಸುತ್ತು. ಉಪ್ಪು ಬೇಕೆನಿಸಿದಾಗ ಆ ಬದಿಯಿಂದ, ಮೆಸ್ಕಾಲ್ ಬೇಕೆನಿಸಿದಾಗ ಈ ಬದಿಯಿಂದ ಕುಡಿಯಬಹುದು.

ಉಳಿದ ಬಾಟಲಿಯನ್ನು ನಿಲ್ಲಿಸಿಯೇ ಇಡಿ. ಮಲಗಿಸಿದರೆ ಗಡುಸು ಮದ್ಯ ಕಾರ್ಕನ್ನು ತಿಂದು ಪುಡಿ ಬೀಳಿಸುತ್ತದೆ. ಬಿಸಿಲು ಬೀಳುವ ಪಡುವಣ ಕಿಟಕಿಯ ಹತ್ತಿರ ಬೇಡ. ಬಾಟಲಿ ಕಾಲು ಭಾಗಕ್ಕಿಳಿದ ಮೇಲೆ ಒಳಗಿನ ಗಾಳಿ ಪರಿಮಳವನ್ನು ಬೇಗ ಕಳೆಯುತ್ತದೆ. ಅಷ್ಟನ್ನು ಸಣ್ಣ ಗಾಜಿನ ಬಾಟಲಿಗೆ ಕತ್ತಿನ ತನಕ ತುಂಬಿಸಿ ಬಿರಡೆ ಹಾಕಿ, ಮೇಲೆ ತಾರೀಕು ಬರೆದಿಡಿ.