ಟ್ಯಾಂಕಿಗೆ ರೇಡಿಯೋ ಕೊಳ್ಳುವ ಮುಂಚೆ ಸ್ಪ್ರಿಂಗ್ ನೋಡಿ

ನನ್ನ ಮೊದಲ ಹವ್ಯಾಸಿ ಟ್ರಾನ್ಸ್‌ಮಿಟರ್ (ಮಾದರಿ ಯುದ್ಧಟ್ಯಾಂಕನ್ನು ದೂರದಿಂದ ಓಡಿಸುವ ಕೈರೇಡಿಯೋ) ಆನ್ ಮಾಡಿದಾಗ ಟ್ಯಾಂಕು ಮೇಜಿನ ಮೇಲಿತ್ತು. ಎಡ ಸ್ಟಿಕ್ಕು ತಳದಲ್ಲಿತ್ತು. ಟ್ಯಾಂಕು ರಿವರ್ಸಿನಲ್ಲಿ ಓಡಿ ನೇರ ನೆಲಕ್ಕೆ! ತಪ್ಪು ರೇಡಿಯೋದ್ದಲ್ಲ, ಅದು ವಿಮಾನ ಹಾರಿಸುವವರಿಗೆಂದು ಮಾಡಿದ್ದು. ವಿಮಾನದಲ್ಲಿ ಥ್ರಾಟಲ್ ತಳದಲ್ಲಿದ್ದರೆ ಎಂಜಿನ್ ಬಂದ್. ಟ್ಯಾಂಕಿಗೆ ನಡುಮಧ್ಯವೇ ನಿಲುಗಡೆ, ತಳವೆಂದರೆ ಪೂರ್ತಿ ರಿವರ್ಸ್. ಅಗ್ಗದ ಎರಡು ಸ್ಟಿಕ್ಕಿನ ರೇಡಿಯೋಗಳಲ್ಲಿ ಹೆಚ್ಚಿನವು ವಿಮಾನದ ಅಳತೆಗೆ ಹೊಲಿದ ಅಂಗಿಗಳು; ನಾವು ಆಲ್ಟರ್ ಮಾಡಿಕೊಳ್ಳಬೇಕು.

ಮೊದಲು ಟ್ಯಾಂಕಿನ ಹೊಟ್ಟೆ ಬಿಚ್ಚಿ ನೋಡಿ. ಹೆಂಗ್ ಲಾಂಗ್‌ನಂಥ ಸಿದ್ಧ ಟ್ಯಾಂಕುಗಳಲ್ಲಿ ರೇಡಿಯೋದ ಸಂಕೇತ ಹಿಡಿಯುವ ರಿಸೀವರ್ ಕಂಟ್ರೋಲ್ ಬೋರ್ಡಿನೊಳಗೇ ಕೂತಿರುತ್ತದೆ. ಹೊರಗಿನ ರೇಡಿಯೋ ಅದಕ್ಕೆ ಸಾಮಾನ್ಯವಾಗಿ ಬೈಂಡ್ ಆಗುವುದಿಲ್ಲ, ಅಂದರೆ ಜೋಡಿಯಾಗುವುದಿಲ್ಲ. ಪ್ರತ್ಯೇಕ ರಿಸೀವರ್ ಸಿಕ್ಕಿಸಬಹುದಾದ ಬೋರ್ಡೇ ಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಟಾಮಿಯಾದ 1/16 ಅಳತೆಯ ಫುಲ್ ಆಪ್ಷನ್ ಕಿಟ್‌ಗಳಿಗೆ ಈ ತಕರಾರಿಲ್ಲ, ಅವು ನಾಲ್ಕು ಚಾನೆಲ್ಲಿನ ಬೇರೆ ರೇಡಿಯೋವನ್ನೇ ಕೇಳುತ್ತವೆ.

ಆಮೇಲೆ ಚಾನೆಲ್ ಎಣಿಸಿ. ಹಿಂದೆ–ಮುಂದೆ ಒಂದು, ತಿರುವು ಒಂದು, ಟರೆಟ್ (ತುಪಾಕಿ ಹೊತ್ತ ಮೇಲಿನ ಗೋಪುರ) ತಿರುಗಲು ಒಂದು, ತುಪಾಕಿ ಏರಿಳಿಯಲು ಒಂದು: ನಾಲ್ಕಿಲ್ಲದೆ ಟ್ಯಾಂಕಿಲ್ಲ. ಗುಂಡಿನ ಸದ್ದು, ದೀಪ, ಹೊಗೆಗೆ ಸ್ವಿಚ್ ಬೇಕೆಂದರೆ ಆರಾದರೂ ಇರಲಿ. ಕಾರು ಓಡಿಸುವ ಪಿಸ್ತೂಲ್ ಹಿಡಿಯ ರೇಡಿಯೋ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಡಿ, ಅದರಲ್ಲಿ ಟರೆಟ್ಟಿಗೆ ಸ್ಟಿಕ್ಕೇ ಇರುವುದಿಲ್ಲ. ಹಳೆಯ 27 ಅಥವಾ 40 ಮೆಗಾಹರ್ಟ್ಸ್ ಸೆಟ್ ಯಾರಾದರೂ ಪುಕ್ಕಟೆ ಕೊಟ್ಟರೂ ತರಂಗಾಂತರ ನಿಗದಿ ಮಾಡುವ ಕ್ರಿಸ್ಟಲ್ ಹೊಂದಿಸುವ ಗೋಳು ತಪ್ಪದು, 2.4 ಗಿಗಾಹರ್ಟ್ಸ್ ಇರಲಿ.

ಈಗ ಆ ಸ್ಪ್ರಿಂಗಿನ ಮಾತು. ಕಡಿಮೆ ಬೆಲೆಯ ಫ್ಲೈಸ್ಕೈ ಎಫ್‌ಎಸ್-ಐ6 ತೆಗೆದುಕೊಳ್ಳಿ. ಆರು ಚಾನೆಲ್, ನಾಲ್ಕು ಎಎ ಸೆಲ್. ಮೋಡ್ 2ರಲ್ಲಿ (ಥ್ರಾಟಲ್ ಎಡಗೈಗೆ ಬರುವ ಜೋಡಣೆ) ಬಲ ಸ್ಟಿಕ್ಕು ಕೈಬಿಟ್ಟರೆ ನಡುವಿಗೆ ಬರುತ್ತದೆ, ಎಡ ಸ್ಟಿಕ್ಕು ಮೇಲೆ–ಕೆಳಗೆ ಮಾತ್ರ ಬಿಟ್ಟಲ್ಲೇ ನಿಲ್ಲುತ್ತದೆ. ಅದೂ ನಡುವಿಗೆ ಬರಲೆಂದು ಬಿಚ್ಚಿ ಸ್ಪ್ರಿಂಗ್ ಮತ್ತು ಲಿವರ್ ಕೂರಿಸುವವರಿದ್ದಾರೆ. ಎರಡೂ ಕಡೆ ನಡುವಿಗೆ ಬರುವ ಐ6ಎಸ್ ಕೊಳ್ಳುವುದೂ ಉಂಟು. ನನ್ನ ದಾರಿ ಇನ್ನೂ ಸೋವಿ: ಓಡಿಸುವುದನ್ನೆಲ್ಲ ಬಲ ಸ್ಟಿಕ್ಕಿಗೆ ಕೊಟ್ಟುಬಿಡುವುದು. ರಿಸೀವರ್‌ನಲ್ಲಿ ವೈರುಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ತುಪಾಕಿ ಏರಿಸಲು ಸರ್ವೋ (ಸ್ಟಿಕ್ಕು ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಯಂತ್ರ) ಇದ್ದರಂತೂ ಎಡ ಸ್ಟಿಕ್ಕಿನ ಆ ಸೋಮಾರಿತನವೇ ವರ, ಎತ್ತಿದಲ್ಲಿ ತುಪಾಕಿ ನಿಂತಿರುತ್ತದೆ. ಅಲ್ಲಿ ಸರ್ವೋ ಬದಲು ಬರೀ ಮೋಟಾರು ಇದ್ದರೆ ಈ ಉಪಾಯ ನಡೆಯದು, ಸ್ಪ್ರಿಂಗ್ ಹಾಕಲೇಬೇಕು.

ಎರಡು ಮೋಟಾರಿಗೆ ಒಂದೊಂದು ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) ಹಾಕಿ ನೀವೇ ಕಟ್ಟಿದ ಟ್ಯಾಂಕಾದರೆ ರೇಡಿಯೋದಲ್ಲಿ ಮಿಕ್ಸಿಂಗ್, ಅಂದರೆ ಓಟ ಮತ್ತು ತಿರುವನ್ನು ಬೆರೆಸಿ ಎರಡು ಮೋಟಾರಿಗೆ ಹಂಚುವ ಸೌಲಭ್ಯ, ಇರಬೇಕು. ಐ6ರ ಮೆನುವಿನಲ್ಲಿ ಅದರ ಹೆಸರು ಎಲಿವಾನ್, ವಿಮಾನದ ರೆಕ್ಕೆಯ ಒಂದು ಭಾಗದ ಹೆಸರು (ವಿಮಾನದ ವಾಸನೆ ಎಲ್ಲೂ ಬಿಡದು). ಟ್ಯಾಂಕ್ ಬೋರ್ಡೇ ಮಿಕ್ಸ್ ಮಾಡುವುದಾದರೆ ಇದನ್ನು ಮುಟ್ಟಬೇಡಿ. ಎರಡು ಸಲ ಮಿಕ್ಸ್ ಆದ ಟ್ಯಾಂಕು ಕುಡಿದವನಂತೆ ನಡೆಯುತ್ತದೆ.

ಇನ್ನಷ್ಟು ಚಾನೆಲ್ ಬೇಕೆಂದು ಐ6ಎಕ್ಸ್ ಕೊಂಡು ಐಎ6ಬಿ ರಿಸೀವರ್ ಹಾಕಿದರೆ ಸರ್ವೋ ಸಿಕ್ಕಿಸಲು ಸಿಗುವ ಪಿನ್ ಸಾಲು ಆರೇ. ಉಳಿದ ಚಾನೆಲ್‌ಗಳು ಐ-ಬಸ್ ವೈರಿನಲ್ಲಿ (ಹಲವು ಚಾನೆಲ್ ಒಟ್ಟಿಗೆ ಸಾಗಿಸುವ ಒಂದೇ ವೈರು) ಮಾತ್ರ ಬರುತ್ತವೆ. ನಿಮ್ಮ ಬೋರ್ಡಿಗೆ ಆ ಭಾಷೆ ಗೊತ್ತಿದೆಯೇ ಎಂದು ಮೊದಲೇ ನೋಡಿ. ಕೈಯಲ್ಲಿ ಸ್ವಲ್ಪ ಹೆಚ್ಚು ದುಡ್ಡಿದ್ದರೆ ಎಡ್ಜ್‌ಟಿಎಕ್ಸ್ ತಂತ್ರಾಂಶದ ರೇಡಿಯೋಮಾಸ್ಟರ್ ರೇಡಿಯೋಗಳತ್ತ ಹೋಗಬಹುದು. ಅದರಲ್ಲಿ ಹಲವು ಕಂಪನಿಗಳ ರಿಸೀವರ್ ಜೊತೆ ಮಾತಾಡಬಲ್ಲ 4-ಇನ್-1 ಮಾಡ್ಯೂಲ್ ಇರುವುದನ್ನೇ ಆರಿಸಿ, ಹಳೆಯ ಫ್ಲೈಸ್ಕೈ ರಿಸೀವರ್‌ಗಳು ಅದಕ್ಕೂ ಬೈಂಡ್ ಆಗುತ್ತವೆ. ಮೊದಲ ಟ್ಯಾಂಕಿಗೇ ಅಷ್ಟೆಲ್ಲ ಬೇಕೆಂದು ನನಗನ್ನಿಸುವುದಿಲ್ಲ.

ವ್ಯಾಪ್ತಿಯ ಚಿಂತೆ ಬೇಡ. ಟ್ಯಾಂಕು ಕಣ್ಣಿಗೆ ಕಾಣುವಷ್ಟು ದೂರಕ್ಕೆ ಇವೆಲ್ಲ ಸಾಕು. ಆದರೆ ಲೋಹದ ಒಡಲಿನೊಳಗೆ ಆಂಟೆನಾ ಮುಚ್ಚಿಡಬೇಡಿ. ಎರಡು ಆಂಟೆನಾ ಇದ್ದರೆ ಒಂದಕ್ಕೊಂದು ಲಂಬವಾಗಿ ಹೊರಗೆ, ಇಲ್ಲವೇ ಪ್ಲಾಸ್ಟಿಕ್ ಭಾಗದ ಕೆಳಗೆ ತನ್ನಿ.

ಕೊನೆಗೆ ಫೇಲ್‌ಸೇಫ್, ಅಂದರೆ ಸಂಪರ್ಕ ಕಡಿದಾಗ ರಿಸೀವರ್ ಏನು ಮಾಡಬೇಕೆಂಬ ಆಜ್ಞೆ. ವಿಮಾನದವರ ಕೈಪಿಡಿ ಥ್ರಾಟಲ್ ತಳಕ್ಕೆ ಇಡಿ ಎನ್ನುತ್ತದೆ. ಅದನ್ನು ಪಾಲಿಸಿದರೆ ಸಿಗ್ನಲ್ ಹೋದ ಕ್ಷಣ ಟ್ಯಾಂಕು ಹಿಂದಕ್ಕೆ ದೌಡು. ಓಡಿಸುವ ಎರಡೂ ಚಾನೆಲ್‌ಗಳನ್ನು ನಡುವಿನಲ್ಲಿಟ್ಟು ಉಳಿಸಿ. ಟ್ಯಾಂಕಿನ ಹೊಟ್ಟೆಯಡಿ ಮರದ ತುಂಡು ಕೊಟ್ಟು ಪಟ್ಟಿಗಳು ನೆಲಕ್ಕೆ ತಾಗದಂತೆ ಎತ್ತಿ, ಮುಂದಕ್ಕೆ ಓಡಿಸುತ್ತಿರುವಾಗಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಪಟ್ಟಿಗಳು ನಿಂತರೆ ಮಾತ್ರ ಕೆಳಗಿಳಿಸಿ.