ಗುಂಡಿಗೆ, ಸ್ಪ್ರೇಯರ್ ಮತ್ತು ಒಂದು ಬಲೂನು

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠದಲ್ಲಿ ಬರುವ ಹೃದಯದ ಚಿತ್ರವನ್ನು ನಾನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಹದಿನೈದು ವರ್ಷದಿಂದ ಅದೇ ಕೆಲಸ. ಒಂದು ಕಡೆ ಕೆಂಪು ಸೀಮೆಸುಣ್ಣ, ಇನ್ನೊಂದು ಕಡೆ ನೀಲಿ. ಚಿತ್ರದಲ್ಲಿ ನಮ್ಮ ಬಲಕ್ಕೆ ಕಾಣುವುದು ಹೃದಯದ ಎಡಭಾಗ ಅಂತ ಮೂರು ಸಲ ಹೇಳುವುದು. ಮಕ್ಕಳು ಚೆನ್ನಾಗಿ ಬರೆದು ಅಂಕ ತೆಗೆಯುತ್ತಿದ್ದರು. ನಾನೂ ಸುಮ್ನಿದ್ದೆ.

ನಮ್ಮದು ಮುಳಬಾಗಿಲು ಕಡೆಯ ಸರ್ಕಾರಿ ಪ್ರೌಢಶಾಲೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. ಅವನು ಕೈ ಎತ್ತುವುದೇ ಅಪರೂಪ.

“ಸಾರ್, ಎದೆ ಬಿಟ್ಟು ಬಿಟ್ಟು ಹೊಡ್ಕೊಳ್ಳುತ್ತೆ. ಹಂಗಿದ್ರೆ ರಕ್ತಾನೂ ನಿಂತು ನಿಂತು ಹೋಗ್ಬೇಕಲ್ವಾ?”

“ಅದಕ್ಕೇ ಅಲ್ವೇನಪ್ಪಾ ನಾಡಿ ಮಿಡಿಯೋದು” ಅಂದೆ.

“ಸರಿ ಸಾರ್, ಎರಡು ಹೊಡೆತದ ಮಧ್ಯೆ ರಕ್ತ ನಿಂತೇ ಬಿಡುತ್ತಾ?”

ನಿಲ್ಲುವುದಿಲ್ಲ ಅಂತ ಗೊತ್ತಿತ್ತು. ಯಾಕೆ ನಿಲ್ಲುವುದಿಲ್ಲ ಅಂತ ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳುತ್ತೇನೆ ಅಂದೆ. ಆ ನಾಳೆ ಬರಲು ಸುಮಾರು ಮೂರು ವಾರ ಹಿಡಿಯಿತು.

ಮೊದಲು ಲೆಕ್ಕ ಹಾಕಿದೆ. ನಿಮಿಷಕ್ಕೆ 75 ಬಡಿತ ಅಂದರೆ ಒಂದು ಬಡಿತಕ್ಕೆ 0.8 ಸೆಕೆಂಡು. ಅದರಲ್ಲಿ ಹೃತ್ಕುಕ್ಷಿ, ಅಂದರೆ ರಕ್ತ ಹೊರಗೆ ತಳ್ಳುವ ಕೆಳಗಿನ ಕೋಣೆ, ಹಿಂಡಿಕೊಳ್ಳುವುದು ಬರೀ 0.3 ಸೆಕೆಂಡು. ಉಳಿದ ಅರ್ಧ ಸೆಕೆಂಡು ಅದು ಸಡಿಲ ಬಿಟ್ಟು ರಕ್ತ ತುಂಬಿಕೊಳ್ಳುತ್ತದೆ. ಅಂದರೆ ಹಗಲೂ ರಾತ್ರಿ ದುಡಿಯುತ್ತದೆ ಅಂತ ನಾವು ಹೊಗಳುವ ಹೃದಯ ದುಡಿಯುವುದಕ್ಕಿಂತ ಜಾಸ್ತಿ ಹೊತ್ತು ಸುಧಾರಿಸಿಕೊಳ್ಳುತ್ತದೆ! ಹೀಗಿದ್ದೂ ಒಂದು ಹಿಂಡಿಗೆ ಸುಮಾರು 70 ಮಿಲಿಲೀಟರಿನಂತೆ ನಿಮಿಷಕ್ಕೆ 5 ಲೀಟರ್ ದಾಟಿಸುತ್ತದೆ. ದಿನಕ್ಕೆ 7,000 ಲೀಟರಿಗೂ ಮೇಲೆ. ನಮ್ಮೂರಿಗೆ ಬೇಸಿಗೆಯಲ್ಲಿ ಬರುವ ನೀರಿನ ಟ್ಯಾಂಕರ್ 5,000 ಲೀಟರಿನದು. “ಹತ್ತಿರ ಹತ್ತಿರ ಒಂದೂವರೆ ಟ್ಯಾಂಕರ್” ಅಂದಾಗ ಮಕ್ಕಳು ಬಾಯಿ ಬಿಟ್ಟುಕೊಂಡು ಕೂತರು. ಮೈಯಲ್ಲಿ ಇರುವುದು ಮಾತ್ರ ಐದೇ ಲೀಟರ್ ರಕ್ತ. ಅದೇ ಸುತ್ತಬೇಕು.

ಆಮೇಲೆ ಭಾನುವಾರ ಮಟನ್ ಅಂಗಡಿಗೆ ಹೋಗಿ ಕುರಿ ಗುಂಡಿಗೆ ತಂದೆ. ಕುರಿಯದು ಮನುಷ್ಯನದಕ್ಕಿಂತ ಸ್ವಲ್ಪ ಚಿಕ್ಕದು. ನಾಲ್ಕು ಕೋಣೆ, ಕವಾಟ ಎಲ್ಲಾ ನಮ್ಮ ಹಾಗೆಯೇ. ಮನೆಗೆ ಬಂದು ಬಿಚ್ಚಿ ನೋಡಿದರೆ ಮಧ್ಯಕ್ಕೆ ಸೀಳಿತ್ತು, ರಕ್ತನಾಳಗಳನ್ನು ಬುಡಕ್ಕೇ ಕತ್ತರಿಸಿ ಎಸೆದಿದ್ದರು. ಸಾರಿಗೆ ಹಾಕುವವರಿಗೆ ನಾಳ ಯಾಕೆ? ಮುಂದಿನ ವಾರ ಅಂಗಡಿಯವರಿಗೆ ಮೊದಲೇ ಹೇಳಿದೆ. “ಸೀಳಬೇಡಿ, ಶ್ವಾಸಕೋಶಕ್ಕೆ ಅಂಟಿಕೊಂಡ ಹಾಗೇ ಕೊಡಿ.” “ಮೇಷ್ಟ್ರೇ, ಅದೆಂಥಾ ಅಡುಗೆ ಮಾಡ್ತೀರಿ?” ಅಂತ ಅವರು ನಕ್ಕರು. ಪಾಠಕ್ಕೆ ಅಂದ ಮೇಲೆ ಎರಡು ಕೊಟ್ಟರು, ಒಂದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಯಾರಾದರೂ ಮಾಡುವುದಾದರೆ ಒಂದು ಮಾತು. ಮಕ್ಕಳಿಗೆ ಹಿಂದಿನ ದಿನವೇ ಹೇಳಿ, ಬೇಡ ಅನ್ನುವವರನ್ನು ಒತ್ತಾಯ ಮಾಡಬೇಡಿ. ಕೈಗೆ ಗ್ಲೌಸ್ ಇರಲಿ, ಟೇಬಲ್ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ, ಕೊನೆಗೆ ಎಲ್ಲಾ ಸೋಪಿನಲ್ಲಿ ತೊಳೆಯಿರಿ. ನಮ್ಮಲ್ಲಿ ಒಬ್ಬ ಹುಡುಗ, ಅದೂ ಕಬಡ್ಡಿ ಟೀಮಿನವನು, ನೋಡುತ್ತಾ ನೋಡುತ್ತಾ ಬಿಳಿಚಿಕೊಂಡು ಕುಸಿದ. ಅಂಗಾತ ಮಲಗಿಸಿ ಕಾಲು ಎತ್ತಿ ಹಿಡಿದೆವು, ಎರಡು ನಿಮಿಷಕ್ಕೆ ಸರಿಹೋದ. ರಕ್ತ ಕಂಡಾಗ ಕೆಲವರಿಗೆ ಹೃದಯ ನಿಧಾನವಾಗುತ್ತದೆ, ನಾಳಗಳು ಅಗಲವಾಗುತ್ತವೆ, ಒತ್ತಡ ಇಳಿದು ತಲೆಗೆ ರಕ್ತ ಸಾಲದೆ ಹೋಗುತ್ತದೆ. ಪಾಠದ ಮಧ್ಯೆಯೇ ಪಾಠ ಆಯಿತು.

ಬಲ ಹೃತ್ಕುಕ್ಷಿಯ ಗೋಡೆ ತೆಳ್ಳಗಿತ್ತು. ಎಡದ್ದು ಅದರ ಮೂರರಷ್ಟು ದಪ್ಪ. ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ತಳ್ಳುವವನಿಗೂ ಇಡೀ ಮೈಗೆ ತಳ್ಳುವವನಿಗೂ ಅಷ್ಟು ವ್ಯತ್ಯಾಸ ಇರಬೇಡವೇ? ಕವಾಟಗಳ ಅಂಚಿಗೆ ಬಿಳಿ ದಾರಗಳು ಕಟ್ಟಿದ ಹಾಗಿದ್ದವು. ಒಬ್ಬಳು “ಛತ್ರಿ ಕಡ್ಡಿ ಥರ ಇದೆ” ಅಂದಳು. ಛತ್ರಿ ಗಾಳಿಗೆ ಮಗುಚಿಕೊಳ್ಳುತ್ತದಲ್ಲ, ಹಾಗೆ ಕವಾಟ ಮೇಲಕ್ಕೆ ಮಗುಚಬಾರದು ಅಂತಲೇ ಈ ದಾರಗಳು ಹಿಡಿದುಕೊಂಡಿರುತ್ತವೆ.

ಇನ್ನೊಂದು ಗುಂಡಿಗೆ ಕೊಯ್ಯದೆ ಇಟ್ಟಿದ್ದೆ. ಅದರ ಮಹಾಪಧಮನಿಗೆ, ಅಂದರೆ ಹೃದಯದಿಂದ ಮೈಗೆಲ್ಲಾ ರಕ್ತ ಒಯ್ಯುವ ದೊಡ್ಡ ನಾಳಕ್ಕೆ, ಮೇಲಿನಿಂದ ನೀರು ಹುಯ್ದೆ. ಕವಾಟ ಮುಚ್ಚಿಕೊಂಡು ನೀರು ನಿಲ್ಲಬೇಕು. ನಿಲ್ಲಲಿಲ್ಲ! ಕವಾಟ ಹರಿದಿದೆ ಅಂದುಕೊಂಡೆ. ನೋಡಿದರೆ ಪಕ್ಕದ ಕವಲೊಂದು ಕತ್ತರಿಸಿ ತೂತಾಗಿತ್ತು. ದಾರದಲ್ಲಿ ಬಿಗಿದು ಮತ್ತೆ ಹುಯ್ದೆ. ನೀರು ಅಂಚಿನವರೆಗೂ ಬಂದು ನಿಂತಿತು. ಒಳಗೆ ಬಗ್ಗಿ ನೋಡಿದರೆ ಮೂರು ಪುಟ್ಟ ಜೇಬುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಅದನ್ನು ಎಳೆಯುವ ಸ್ನಾಯು ಇಲ್ಲ, ಗುಂಡಿ ಒತ್ತುವವರೂ ಇಲ್ಲ. ಹಿಂದಕ್ಕೆ ಬರುವ ರಕ್ತವೇ ಜೇಬು ತುಂಬಿ ಬಾಗಿಲು ಹಾಕುತ್ತದೆ. ಎದೆಬಡಿತದ ‘ಲಬ್ ಡಬ್’ನಲ್ಲಿ ಡಬ್ ಅನ್ನುವ ಸದ್ದು ಹುಟ್ಟುವುದು ಇಂಥ ಕವಾಟಗಳು ಮುಚ್ಚಿಕೊಂಡಾಗ. ಲಬ್, ಆ ಛತ್ರಿ ಕಡ್ಡಿ ಕವಾಟಗಳದು.

ಇಷ್ಟೆಲ್ಲಾ ಆದರೂ ಹುಡುಗನ ಪ್ರಶ್ನೆ ಹಾಗೇ ಇತ್ತು. ಉತ್ತರ ಕೈಗೆ ಸಿಕ್ಕಿದ್ದು ಆಮೇಲೆ, ತೊಳೆಯುವಾಗ. ಮಹಾಪಧಮನಿಯನ್ನು ಬೆರಳಲ್ಲಿ ಹಿಡಿದು ಎಳೆದೆ. ರಬ್ಬರಿನಂತೆ ಹಿಗ್ಗಿತು, ಬಿಟ್ಟರೆ ಸಟಕ್ಕನೆ ಹಿಂದಕ್ಕೆ ಹೋಯಿತು. ಪಕ್ಕದ ಅಭಿಧಮನಿ, ಅಂದರೆ ಹೃದಯಕ್ಕೆ ರಕ್ತ ವಾಪಸ್ ತರುವ ನಾಳ, ಒದ್ದೆ ಬಟ್ಟೆಯಂತೆ ಮೆತ್ತಗೆ ಬಿದ್ದುಕೊಂಡಿತ್ತು. ಪುಸ್ತಕದಲ್ಲಿ ಅಪಧಮನಿಗೆ, ಅಂದರೆ ಹೃದಯದಿಂದ ರಕ್ತ ಒಯ್ಯುವ ನಾಳಕ್ಕೆ, ‘ದಪ್ಪ, ಸ್ಥಿತಿಸ್ಥಾಪಕ ಭಿತ್ತಿ’ ಅಂತ ಇದೆ. ವ್ಯತ್ಯಾಸ ಬರೆಯಿರಿ ಪ್ರಶ್ನೆಗೆ ನಾನೇ ಎಷ್ಟೋ ಸಲ ಬರೆಸಿದ್ದೇನೆ. ಆ ಪದಕ್ಕೆ ಒಂದು ಕೆಲಸ ಇದೆ ಅಂತ ಹೊಳೆದದ್ದು ಅವತ್ತೇ.

ಮಾರನೆ ದಿನ ಆ ಹುಡುಗನಿಗೆ ನಾಳ ಎಳೆದು ನೋಡಲು ಕೊಟ್ಟೆ. “ಹೃದಯ ತಳ್ಳಿದಾಗ ಇದು ಉಬ್ಬುತ್ತೆ. ಹೃದಯ ಬಿಟ್ಟಾಗ ಇದು ಕುಗ್ಗಿ ತಾನೇ ತಳ್ಳುತ್ತೆ” ಅಂದೆ. ಅವನು ಸ್ವಲ್ಪ ಹೊತ್ತು ಎಳೆದು ಬಿಟ್ಟು ಮಾಡಿ, “ನಮ್ ಟೊಮೊಟೊಗೆ ಔಷಧಿ ಹೊಡಿಯೋ ಪಂಪ್ ಥರ ಸಾರ್” ಅಂದ.

ನನಗೆ ಅರ್ಥವಾಗಲಿಲ್ಲ. ಸಂಜೆ ಅವರ ತೋಟಕ್ಕೇ ಹೋದೆ. ಈಗ ಎಲ್ಲರ ಹತ್ತಿರ ಬ್ಯಾಟರಿಯದು, ಇವರ ಮನೆಯಲ್ಲಿ ಬೆನ್ನಿಗೆ ಹಾಕಿಕೊಂಡು ಕೈಯಲ್ಲಿ ಒತ್ತುವ ಹಳೇ ಸ್ಪ್ರೇಯರ್ ಇನ್ನೂ ಇತ್ತು. ಹಿಡಿ ಮೇಲೆ ಕೆಳಗೆ ಆಡಿಸುವುದು ಬಿಟ್ಟು ಬಿಟ್ಟು. ನಾಜಲಿನಿಂದ ಬರುವುದು ಮಾತ್ರ ಬಿಡದೆ ಬರುವ ಸಿಂಪಡಿಕೆ. ಒಳಗೆ ಒಂದು ಗಾಳಿ ಗೂಡು ಇದೆ. ಒತ್ತಿದಾಗ ನೀರು ನುಗ್ಗಿ ಆ ಗಾಳಿಯನ್ನು ಅದುಮುತ್ತದೆ. ಕೈ ಮೇಲೆತ್ತಿದಾಗ ಅದುಮಿದ ಗಾಳಿ ನೀರನ್ನು ತಳ್ಳುತ್ತಾ ಇರುತ್ತದೆ.

ಮನೆಗೆ ಬಂದು ಹುಡುಕಿ ಓದಿದರೆ ಇದೇ ಹೋಲಿಕೆ ಆಗಲೇ ಒಬ್ಬರಿಗೆ ಹೊಳೆದಿತ್ತು. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ. ಕುದುರೆಯ ಅಪಧಮನಿಗೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿ, ರಕ್ತ 8 ಅಡಿಗಿಂತ ಮೇಲೆ ಏರುವುದನ್ನು ಅಳೆದವರು. ಒತ್ತಡವನ್ನು ಹಾಗೆ ಅಳೆದದ್ದು ಅವರೇ ಮೊದಲು. 1733ರಲ್ಲಿ ಅದನ್ನು ಪ್ರಕಟಿಸಿದಾಗ ಅಪಧಮನಿಯನ್ನು ಆಗಿನ ಬೆಂಕಿ ಆರಿಸುವ ಪಂಪಿನ ಗಾಳಿ ಗೂಡಿಗೆ ಹೋಲಿಸಿದ್ದರು. ಹುಡುಗನಿಗೆ ಇದನ್ನು ಹೇಳಿದೆ. “ಅವ್ರೂ ತೋಟ ಇಟ್ಟಿದ್ರಾ ಸಾರ್?” ಅಂದ. ಗಿಡಗಳ ಮೇಲೂ ಪ್ರಯೋಗ ಮಾಡಿದವರೇ ಅವರು, ಪ್ರಶ್ನೆ ತೀರಾ ತಪ್ಪೇನಲ್ಲ.

ಔಷಧಿ ಹೊಡೆದ ಪಂಪನ್ನು ಶಾಲೆಗೆ ತರುವ ಹಾಗಿಲ್ಲ. ಅದಕ್ಕೇ ನಾವೇ ಒಂದು ಮಾಡಿದೆವು. ಸೀಮೆಎಣ್ಣೆ ಎತ್ತುವ ಕೈಪಂಪು, ಹಿಚುಕಿದರೆ ಎಣ್ಣೆ ಏರುತ್ತದಲ್ಲ, ಅದು ತಂದೆ. ಅದರೊಳಗೆ ಒಂದೇ ದಿಕ್ಕಿಗೆ ಬಿಡುವ ಕವಾಟಗಳೂ ಇವೆ. ಅದರ ಕೊಳವೆಗೆ ಹನಿ ನೀರಾವರಿಯ ಡ್ರಿಪ್ ಅಂಗಡಿಯಲ್ಲಿ ಸಿಗುವ, T ಆಕಾರದ ಮೂರು ಬಾಯಿಯ ಟೀ ಜಾಯಿಂಟ್ ಹಾಕಿದೆವು. ಟೀಯ ಒಂದು ಬಾಯಿಗೆ ಬಲೂನು ಕಟ್ಟಿದೆವು, ಇನ್ನೊಂದರಿಂದ ನೀರು ಹೊರಗೆ.

ಮೊದಲ ಸಲ ಸೋತೆವು. ಬಲೂನು ಇದ್ದರೂ ನೀರು ಬುಳಕ್ ಬುಳಕ್ ಅಂತಲೇ ಬಂತು. ಬಲೂನು ಉಬ್ಬಲೇ ಇಲ್ಲ. ಆ ಹುಡುಗನೇ “ನಾಜಲ್ ಇಲ್ಲ ಸಾರ್” ಅಂದ. ಹೌದಲ್ಲ! ಹೊರಗೆ ಹೋಗುವ ಬಾಯಿ ಅಗಲ ಇದ್ದರೆ ನೀರಿಗೆ ಬಲೂನಿನ ಗೊಡವೆ ಯಾಕೆ? ಬಾಲ್ ಪೆನ್ನಿನ ಖಾಲಿ ರೀಫಿಲ್ ತುಂಡು ಸಿಕ್ಕಿಸಿ ಸುತ್ತ ಎಂ‌ಸೀಲ್ ಮೆತ್ತಿದೆವು. ಈಗ ಹಿಚುಕಿದಾಗ ಬಲೂನು ಉಬ್ಬಿತು, ಕೈ ಬಿಟ್ಟಾಗ ಕುಗ್ಗಿತು, ರೀಫಿಲಿನಿಂದ ಸಣ್ಣ ಧಾರೆ ನಿಲ್ಲದೆ ಬಂತು. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ.

ಆ ಸೋಲು ನನಗೆ ದೊಡ್ಡ ಪಾಠ. ಮೈಯಲ್ಲಿ ನಾಜಲ್ ಯಾವುದು? ಲೋಮನಾಳಗಳಿಗೆ, ಅಂದರೆ ಎಲ್ಲಕ್ಕಿಂತ ಸಣ್ಣ ರಕ್ತನಾಳಗಳಿಗೆ, ಮೊದಲು ಬರುವ ಅತಿ ಸಣ್ಣ ಅಪಧಮನಿಗಳು. ಅವುಗಳ ಗೋಡೆಯ ಸ್ನಾಯು ಬಿಗಿದರೆ ಒತ್ತಡ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಬಿಪಿಗೆ ಎಷ್ಟೋ ಮನೆಯಲ್ಲಿ ನುಂಗುವ ಆಮ್ಲೋಡಿಪಿನ್ ಮಾತ್ರೆ ಸಡಿಲಿಸುವುದು ಇವನ್ನೇ. ಬಿಪಿ 120/80 ಅಂದರೆ ಏನು ಅಂತಲೂ ಆಗ ತಿಳಿಯಾಯಿತು. ಮೇಲಿನ 120 ಹೃದಯ ಹಿಂಡಿದಾಗಿನ ಒತ್ತಡ. ಎರಡು ಹೊಡೆತದ ಮಧ್ಯೆ ಎಡ ಹೃತ್ಕುಕ್ಷಿಯ ಒಳಗಿನ ಒತ್ತಡ ಸೊನ್ನೆ ಹತ್ತಿರಕ್ಕೆ ಬೀಳುತ್ತದೆ. ಮಹಾಪಧಮನಿಯಲ್ಲಿ ಅದು 80ರ ಕೆಳಗೆ ಹೋಗುವುದಿಲ್ಲ. ಹಿಗ್ಗಿದ ನಾಳ ಮತ್ತು ನಾಜಲ್ ಸೇರಿ ಹಿಡಿದುಕೊಂಡ ಒತ್ತಡ ಆ 80.

ಹೃದಯಕ್ಕೂ ಅದರಿಂದಲೇ ಊಟ. ಕೊಯ್ದ ಗುಂಡಿಗೆಯಲ್ಲಿ ಆ ಮೂರು ಜೇಬುಗಳ ಸ್ವಲ್ಪ ಮೇಲೆ ಎರಡು ಸಣ್ಣ ತೂತು ಇದ್ದವು. ತೆಂಗಿನ ಕಡ್ಡಿ ತೂರಿಸಿದೆ. ಅದು ಹೃದಯದ ಮೇಲ್ಮೈಯ ಕೊಬ್ಬಿನೊಳಗೆ ಹೋಗುವ ನಾಳಕ್ಕೆ ನುಗ್ಗಿತು. ಇವು ಕೊರೊನರಿ ಅಪಧಮನಿಗಳು. ಕಟ್ಟಿಕೊಂಡರೆ ಹಾರ್ಟ್ ಅಟ್ಯಾಕ್. ಹೃದಯ ಬಿಗಿದಾಗ ತನ್ನದೇ ಗೋಡೆಯ ನಾಳಗಳನ್ನು ತಾನೇ ಅದುಮಿಕೊಳ್ಳುತ್ತದೆ. ಹಾಗಾಗಿ ಎಡಗೋಡೆಗೆ ರಕ್ತ ಹೆಚ್ಚಾಗಿ ಸಿಗುವುದು ಆ ಅರ್ಧ ಸೆಕೆಂಡಿನ ಬಿಡುವಿನಲ್ಲಿ, ಮಹಾಪಧಮನಿ ಕುಗ್ಗಿ ತಳ್ಳಿದಾಗ.

ವಾಪಸ್ ಬರುವ ದಾರಿಯನ್ನು ಕೈಯಲ್ಲೇ ತೋರಿಸಿದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿದ ಪ್ರಯೋಗ ಅದು, ಖರ್ಚಿಲ್ಲ. ತೋಳಿಗೆ ಬಟ್ಟೆ ಕಟ್ಟಿದರೆ ಮುಂಗೈ ನರ ಉಬ್ಬುತ್ತದೆ. ನಾವು ನರ ಅನ್ನುವುದು ಅಭಿಧಮನಿಯನ್ನೇ. ಒಂದು ಬೆರಳಲ್ಲಿ ಅಂಗೈ ಕಡೆ ಒತ್ತಿ ಹಿಡಿದು, ಇನ್ನೊಂದರಲ್ಲಿ ರಕ್ತವನ್ನು ಮೊಣಕೈ ಕಡೆ ಸವರಿ ಬಿಡಬೇಕು. ಸವರಿದ ಜಾಗ ಖಾಲಿಯೇ ಉಳಿಯುತ್ತದೆ. ಮೇಲಿನ ರಕ್ತವನ್ನು ಅಭಿಧಮನಿಯೊಳಗಿನ ಕವಾಟ ಕೆಳಗೆ ಬಿಡುವುದಿಲ್ಲ. ಕೆಳಗಿನ ಬೆರಳು ಎತ್ತಿದರೆ ತಕ್ಷಣ ತುಂಬುತ್ತದೆ. ಕಟ್ಟನ್ನು ಒಂದು ನಿಮಿಷಕ್ಕಿಂತ ಜಾಸ್ತಿ ಬಿಡಬಾರದು. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಲೋಮನಾಳ ಮಾತ್ರ ಹಾರ್ವೆಗೆ ಕಾಣಲಿಲ್ಲ. ಅವರು ತೀರಿಕೊಂಡು ನಾಲ್ಕು ವರ್ಷಕ್ಕೆ, 1661ರಲ್ಲಿ, ಇಟಲಿಯ ವಿಜ್ಞಾನಿ ಮಾಲ್ಪಿಗಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶದೊಳಗೆ ಅದನ್ನು ಕಂಡರು. ನಮಗೆ ಉಗುರು ಸಾಕು. ಒತ್ತಿದರೆ ಬಿಳಿ, ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪು.

ವಾರ ಬಿಟ್ಟು ಒಬ್ಬಳು ಹುಡುಗಿ ಆಸ್ಪತ್ರೆ ಚೀಟಿ ತಂದಳು. ಅವರಜ್ಜಿಯದು. ಬಿಪಿ 168/70. “ಮೇಲಿಂದು ಜಾಸ್ತಿ, ಕೆಳಗಿಂದು ಕಮ್ಮಿ, ಇದೆಂಗೆ ಸಾರ್?” ಅಂದಳು. ವಯಸ್ಸಾದಂತೆ ಮಹಾಪಧಮನಿ ಬಿರುಸಾಗುತ್ತದೆ, ಹಿಗ್ಗುವುದಿಲ್ಲ ಅಂತ ಹೇಳುತ್ತಿದ್ದೆ. ಅವಳು ಆಗಲೇ ಇನ್ಸುಲೇಷನ್ ಟೇಪ್ ತೆಗೆದುಕೊಂಡು ಬಲೂನಿಗೆ ಸುತ್ತಲು ಶುರು ಮಾಡಿದ್ದಳು. ಪೂರ್ತಿ ಸುತ್ತಿ ಪಂಪು ಹಿಚುಕಿದಳು. ಹಿಚುಕಿದಾಗ ನೀರು ದೂರಕ್ಕೆ ಚಿಮ್ಮಿ ಮುಂದಿನ ಬೆಂಚಿನವರ ಪುಸ್ತಕ ನೆನೆಯಿತು. ಬಿಟ್ಟಾಗ ಧಾರೆ ಬಿದ್ದೇ ಹೋಯಿತು. ನಾಲ್ಕೈದು ಸಲ ಹಿಚುಕಿ ನಿಲ್ಲಿಸಿ, ಅಂಗೈ ನೋಡಿಕೊಂಡಳು.

“ಸಾರ್, ಕೈ ನೋಯ್ತಿದೆ.”